ಪ್ಯಾರಾಚೂಟ್ ಎಲ್ಲಿತ್ತು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಎರಡನೆಯ ಮಹಾಯುದ್ಧದ ಬ್ರಿಟಿಷ್ ಯೋಧ ನಿಕೋಲಸ್ ಆಲ್ಕಮೇಡ್ ಪ್ರಸಂಗ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. 18,000 ಅಡಿ ಮೇಲಿನಿಂದ ಪ್ಯಾರಾಚೂಟ್ ಇಲ್ಲದೆ ಧುಮುಕಿದವನು ಬದುಕಿದನೆಂದರೆ ನಂಬುವುದು ಹೇಗೆ? ಅಷ್ಟಕ್ಕೂ ಬಾಂಬರ್ ಹತ್ತಿದವನು ಪ್ಯಾರಾಚೂಟ್ ಕಟ್ಟಿಕೊಂಡಿರಲಿಲ್ಲವೇಕೆ? ಎರಡನೆಯದನ್ನು ವಿವರಿಸದೆ ಬಿಟ್ಟದ್ದು ನಮ್ಮ ತಪ್ಪು. ಅದರಿಂದಲೇ ಶುರು ಮಾಡುತ್ತೇನೆ.

ಆತ ಬ್ರಿಟಿಷ್ ವಾಯುಪಡೆಯ 115ನೇ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಹಿಂಬದಿ ಗನ್ನರ್, ವಯಸ್ಸು 21. ತಂಡದಲ್ಲಿ ಏಳು ಮಂದಿ. ಆತನ ಜಾಗ ಮಾತ್ರ ಎಲ್ಲರಿಂದ ದೂರ, ಬಾಲದ ತುದಿಯ ತಿರುಗುವ ಗೂಡಿನಲ್ಲಿ. ನಾಲ್ಕು ಮೆಷಿನ್ ಗನ್ನುಗಳ ಹಿಂದೆ ದಪ್ಪ ಉಡುಪಿನ ಮನುಷ್ಯ ಕೂತರೆ ಮತ್ತೇನೂ ಹಿಡಿಸದು. ಹಾಗಾಗಿ ಮೈಮೇಲೆ ಪಟ್ಟಿಗಳು ಮಾತ್ರ; ಪ್ಯಾರಾಚೂಟಿನ ಗಂಟು ಬೆನ್ನ ಹಿಂದಿನ ಬಾಗಿಲಾಚೆ, ವಿಮಾನದ ಒಡಲಲ್ಲಿ. ಹಾರಬೇಕಾದರೆ ಬಾಗಿಲು ತೆರೆದು, ಗಂಟು ಎಳೆದು, ಎದೆಗೆ ಸಿಕ್ಕಿಸಿಕೊಂಡು, ಗೂಡನ್ನು ಪಕ್ಕಕ್ಕೆ ತಿರುಗಿಸಿ ಹಿಮ್ಮುಖವಾಗಿ ಉರುಳಬೇಕು. ಹೊತ್ತಿ ಉರಿಯುವ ವಿಮಾನದಲ್ಲಿ ಇಷ್ಟನ್ನೂ ಮಾಡಬೇಕು. ಆ ಏರ್ಪಾಡನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

1944ರ ಮಾರ್ಚ್ 24ರ ರಾತ್ರಿ ಬರ್ಲಿನ್ ದಾಳಿ ಮುಗಿಸಿ ಮರಳುವಾಗ ಜರ್ಮನ್ ಯುದ್ಧವಿಮಾನದ ಗುಂಡೇಟಿಗೆ ಲ್ಯಾಂಕಾಸ್ಟರ್ ಹೊತ್ತಿಕೊಂಡಿತು. ಬಲವಾದ ಗಾಳಿ ವಿಮಾನಗಳನ್ನು ದಾರಿ ತಪ್ಪಿಸಿದ್ದ ಆ ಒಂದೇ ದಾಳಿಯಲ್ಲಿ ಬ್ರಿಟನ್ 72 ಬಾಂಬರುಗಳನ್ನು ಕಳೆದುಕೊಂಡಿತು. ಆಲ್ಕಮೇಡ್ ಬಾಗಿಲು ತೆರೆದಾಗ ಪ್ಯಾರಾಚೂಟೇ ಉರಿಯುತ್ತಿತ್ತು. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದೇ ಮೇಲೆಂದು ಧುಮುಕಿದ. ಪೈನ್ ಮರಗಳ ಕೊಂಬೆಗಳು ವೇಗ ತಗ್ಗಿಸಿದವು, ಕೆಳಗಿನ ಮೆತ್ತನೆಯ ಹಿಮ ಉಳಿದದ್ದನ್ನು ತಡೆದುಕೊಂಡಿತು. ಸುಮಾರು ಮೂರು ಗಂಟೆ ಕಳೆದ ಮೇಲೆ ಕಣ್ಣು ಬಿಟ್ಟರೆ ತಲೆಯ ಮೇಲೆ ನಕ್ಷತ್ರ. ಕಾಲು ಉಳುಕಿತ್ತು, ನಡೆಯಲಾಗಲಿಲ್ಲ. ಬಳಿಯಿದ್ದ ಸೀಟಿ ಊದಿದ. ಜರ್ಮನ್ನರು ಬಂದು ಹಿಡಿದರು.

ನಿಮ್ಮ ಮೊದಲ ಪ್ರಶ್ನೆ ಅವರದೂ ಆಗಿತ್ತು. ಪ್ಯಾರಾಚೂಟ್ ಎಲ್ಲಿ ಹೂತಿಟ್ಟೆ ಎಂದು ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಪೊ ಕೇಳಿತು, ಹೇಳಿದ್ದನ್ನು ನಂಬಲಿಲ್ಲ. ಕೊನೆಗೆ ವಿಮಾನದ ಅವಶೇಷಗಳನ್ನು ತಪಾಸಣೆ ಮಾಡಿದ ಮೇಲೆ ಅದೇ ಜರ್ಮನ್ನರು ಈ ಮಾತು ನಿಜವೆಂದು ಪ್ರಮಾಣಪತ್ರ ಬರೆದುಕೊಟ್ಟರು. ನಾನು ನಂಬುವುದು ಇದರಿಂದಲೇ. ಶತ್ರುವಿನ ಗನ್ನರನನ್ನು ಹೊಗಳಬೇಕಾದ ದರ್ದು ಅವರಿಗೇನೂ ಇರಲಿಲ್ಲ. ಯುದ್ಧಕೈದಿಯಾಗಿ ಉಳಿದ ಆಲ್ಕಮೇಡ್ 1945ರ ಮೇ ತಿಂಗಳಲ್ಲಿ ಊರಿಗೆ ಮರಳಿದ, 1987ರವರೆಗೆ ಬದುಕಿದ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಆ ವಿಮಾನದಲ್ಲಿದ್ದ ಏಳು ಮಂದಿಯಲ್ಲಿ ಪೈಲಟ್ ಸೇರಿ ನಾಲ್ವರು ಅಂದೇ ಸತ್ತರು. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ ಯುದ್ಧ ಮುಗಿಯುವಷ್ಟರಲ್ಲಿ 55,573 ಮಂದಿ ಬದುಕಿರಲಿಲ್ಲ. ಬದುಕಿದವನ ಅಚ್ಚರಿಗೆ ಎರಡು ಪುಟ ಕೊಟ್ಟ ನಾವು ಆ ನಾಲ್ವರಿಗೆ ಒಂದು ಸಾಲನ್ನೂ ಕೊಟ್ಟಿರಲಿಲ್ಲ. ಮುಂದಿನ ಸಂಚಿಕೆಯಲ್ಲಿ ಅವರ ಹೆಸರುಗಳನ್ನು ಪ್ರಕಟಿಸುತ್ತೇವೆ.

– ಸಂಪಾದಕ