ಉಪ್ಪುಗಾಳಿಯಲ್ಲಿ ಕಿಟ್ ವಿಮಾನ

ಪ್ರಶ್ನೆ: ಮಲ್ಪೆಯಲ್ಲಿ ಕಡಲ ಪಕ್ಕವೇ ಮನೆ. ಶೆಡ್‌ನಲ್ಲಿ ಅಲ್ಯೂಮಿನಿಯಂ ಕಿಟ್ ವಿಮಾನ (ಬಿಡಿಭಾಗ ತರಿಸಿ ನಾವೇ ಜೋಡಿಸುವಂಥದ್ದು) ಕಟ್ಟುವ ಆಸೆ. ಖರ್ಚು, ತುಕ್ಕು ಎರಡೂ ಹಿಡಿತದಲ್ಲಿರಲು ಏನು ಮಾಡಲಿ?

ಉತ್ತರ: ಮೊದಲು ಬಾಲದ ಕಿಟ್ ಮಾತ್ರ ತರಿಸಿ, ಕೈ ಪಳಗುತ್ತದೆ, ದುಡ್ಡೆಲ್ಲ ಒಮ್ಮೆಗೇ ಸುರಿಯಬೇಕಿಲ್ಲ. ಎಂಜಿನ್ ಕೊನೆಗಿರಲಿ. ನಮ್ಮ ಕರಾವಳಿಯಲ್ಲಿ ಓಡದೆ ಕೂತ ಎಂಜಿನ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ತಗಡನ್ನು ಉಕ್ಕಿನ ನಾರಿನಿಂದ ಉಜ್ಜಲೇಬೇಡಿ: ಕಬ್ಬಿಣದ ಚೂರು ಕಚ್ಚಿಕೊಂಡಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಸ್ಕಾಚ್‌ಬ್ರೈಟ್ ಸಾಕು. ಒರೆಸಿ, ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಅಡಿಬಣ್ಣ) ಹೊಡೆಯಿರಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಮಾತ್ರ ಬೇಡ.

ಇನ್ನು ರಿವೆಟ್, ಅಂದರೆ ತಗಡುಗಳನ್ನು ಜೋಡಿಸಲು ತೂತಿಗೆ ತೂರಿಸಿ ಬಡಿಯುವ ಲೋಹದ ಮೊಳೆ. 3.2 ಮಿ.ಮೀ. ದಪ್ಪದ್ದು ಬಡಿಯುವ ಮೊದಲು ತಗಡಿನಿಂದಾಚೆ 4.8 ಮಿ.ಮೀ. ಚಾಚಿರಬೇಕು. ಬಡಿದ ಮೇಲೆ ಆ ತುದಿಯಲ್ಲಿ ಮೂಡುವ ತಲೆ 4.8 ಅಗಲ, 1.6 ಎತ್ತರ. ತೂತಿನ ನಡುವಿನಿಂದ ಅಂಚಿಗೆ 6.4 ಇಲ್ಲದಿದ್ದರೆ ತಗಡು ಸೀಳೀತು. ತುಸು ಓರೆಯಾದ ರಿವೆಟನ್ನು ಕೀಳುವ ಆತುರ ಬೇಡ. ತೂತು ಹಿಗ್ಗಿದರೆ ಹಾನಿಯೇ ಹೆಚ್ಚು.