ಕುಡಿತದ ಚಟ ಬಿಡುವ ತನಕ ಮನೆಯವರು ಕಾಯುತ್ತಲೇ ಇರಬೇಕೇ?

ಅಣ್ಣ ದಿನವೂ ಕುಡಿಯುತ್ತಾರೆ, ಅತ್ತಿಗೆ ಮತ್ತು ಮಕ್ಕಳು ಸೊರಗಿದ್ದಾರೆ, ಅವರು ಬಿಡುವ ತನಕ ಕಾಯದೆ ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ಕುಡಿತ ನಿಲ್ಲುವ ಮೊದಲೇ ಮನೆಯವರು ಚೇತರಿಸಿಕೊಳ್ಳಲು ಶುರು ಮಾಡಬಹುದು, ಮಾಡಬೇಕು ಕೂಡ.

ಇಂಥ ಮನೆಯಲ್ಲಿ ಎಲ್ಲರ ದಿನಚರಿಯೂ ಒಬ್ಬರ ಕುಡಿತದ ಸುತ್ತಲೇ ತಿರುಗುತ್ತದೆ. ಬಾಗಿಲು ತೆಗೆಯುವ ಸದ್ದು ಕೇಳಿಯೇ ಮಕ್ಕಳು ಆ ರಾತ್ರಿ ಹೇಗಿರುತ್ತದೆಂದು ಅಂದಾಜು ಮಾಡುತ್ತಾರೆ. ಜಗಳವಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಚೆನ್ನಾಗಿ ಓದಿಕೊಂಡು, ಯಾರಿಗೂ ತೊಂದರೆ ಕೊಡದೆ ಮನೆಕೆಲಸ ಹೊತ್ತುಕೊಂಡ ಮಗುವನ್ನು ಯಾರೂ ವಿಚಾರಿಸುವುದಿಲ್ಲ. ನಾನಾದರೆ ಅದನ್ನೇ ಮೊದಲು ಮಾತಾಡಿಸುತ್ತೇನೆ. "ಇದು ಕಾಯಿಲೆ. ನಿನ್ನಿಂದ ಬಂದದ್ದಲ್ಲ, ನೀನು ವಾಸಿ ಮಾಡಬೇಕಾದದ್ದೂ ಅಲ್ಲ" ಎಂದಷ್ಟೇ ಹೇಳಿದರೂ ಸಾಕು. ಅತ್ತಿಗೆಗೆ ನಿದ್ದೆ ಕೆಟ್ಟು ಎದೆ ಡವಗುಟ್ಟುತ್ತಿದ್ದರೆ, ಅಣ್ಣನ ವಿಷಯ ಪಕ್ಕಕ್ಕಿಟ್ಟು, ತಮಗಾಗಿಯೇ ವೈದ್ಯರನ್ನು ಕಾಣಲಿ.

ಇನ್ನು ನೀವು ನಿಲ್ಲಿಸಬೇಕಾದದ್ದು. ಕೆಲಸದ ಜಾಗಕ್ಕೆ ಫೋನ್ ಮಾಡಿ "ಜ್ವರ" ಎನ್ನುವುದು, ಕೈಸಾಲ ತೀರಿಸುವುದು, ಜಾಮೀನಿಗೆ ಸಹಿ ಹಾಕುವುದು. ಕುಡಿತದ ತಾಪತ್ರಯವನ್ನೆಲ್ಲ ಮನೆಯವರೇ ಹೊತ್ತರೆ, ಬಿಡಬೇಕೆನ್ನುವ ಒತ್ತಡ ಕುಡಿಯುವವರಿಗೆ ತಟ್ಟುವುದೇ ಇಲ್ಲ. ಬಾಡಿಗೆ, ಶಾಲೆಯ ಫೀಸು ತಿಂಗಳ ಮೊದಲಲ್ಲೇ ಕಟ್ಟಿಬಿಡಿ, ಅತ್ತಿಗೆಯ ಹೆಸರಲ್ಲಿ ಬೇರೆ ಖಾತೆ ಇರಲಿ. ಆದರೆ ಊಟ ಕೊಡದಿರುವುದು ಬೇಡ. ಎಚ್ಚರ ತಪ್ಪಿ ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಉಸಿರಿನ ನಾಳಕ್ಕೆ ಹೋಗದಿರಲಿ. ಕರೆದರೂ ಅಲುಗಾಡಿಸಿದರೂ ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ.

ಹಲವರು ಎಡವುವುದು ಇಲ್ಲಿ: ಸಿಟ್ಟಿನಿಂದ ಬಾಟಲಿ ಬಚ್ಚಿಟ್ಟು, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ನೋಡುತ್ತಾರೆ. ದಿನವೂ ಹೆಚ್ಚು ಕುಡಿಯುವವರಿಗೆ ಇದು ಜೀವಕ್ಕೇ ಅಪಾಯ. ಕೊನೆಯ ಗುಟುಕಿನ ನಂತರ 6–12 ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ನಡುವೆ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸಿ, ಹೊತ್ತು-ಜಾಗ ತಿಳಿಯದ ಹಾಗಾಗುತ್ತದೆ. ಆದ್ದರಿಂದ ಬಿಡಿಸುವುದು ವೈದ್ಯರ ನಿಗಾದಲ್ಲೇ ಆಗಬೇಕು. ಕುಡಿದರೆ ಮೈ ಕೆಡುವಂತೆ ಮಾಡಿ ಚಟ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವುದಂತೂ ಬೇಡವೇ ಬೇಡ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು.

ಮಾತಾಡುವುದಾದರೆ ಅಮಲಿಲ್ಲದ ಹೊತ್ತಲ್ಲಿ, ಒಬ್ಬರೇ, ಚುಟುಕಾಗಿ. "ನಿನ್ನೆ ಮಗುವಿನ ಶಾಲೆಗೆ ಬರಲಿಲ್ಲ, ಅವಳು ಅತ್ತಳು. ನಾಳೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ." ಕುಡಿಯದ ಸಂಜೆ ಜೊತೆಗೆ ಕೂತು ಊಟ ಮಾಡಿ. ಕುಡಿದು ಬಂದ ಸಂಜೆ ವಾದಕ್ಕಿಳಿಯದೆ ಎದ್ದುಹೋಗಿ. ಮನೆಯವರಿಗೆ ಇದನ್ನು ಕಲಿಸುವ ವಿಧಾನಕ್ಕೆ ಕ್ರಾಫ್ಟ್ ಎಂದು ಹೆಸರು. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಬೇಡವೆನ್ನುತ್ತಿದ್ದವರಲ್ಲಿ ಶೇ 64 ಮಂದಿ ಈ ವಿಧಾನದಿಂದ ಚಿಕಿತ್ಸೆಗೆ ಬಂದರು. ಎಲ್ಲರೂ ಒಟ್ಟಾಗಿ ಎದುರು ಕೂರಿಸಿಕೊಂಡು ಕೇಳುವ ಪದ್ಧತಿಯಲ್ಲಿ ಬಂದವರು ಶೇ 30. ಮನೆಯವರ ಸ್ವಂತ ಸಮಾಧಾನಕ್ಕೆ ಕುಡಿಯುವವರ ಮನೆಯವರೇ ಸೇರಿ ಕಷ್ಟಸುಖ ಹಂಚಿಕೊಳ್ಳುವ, 1951ರಿಂದಿರುವ ಅಲ್-ಅನಾನ್ ಸಭೆಗಳಿವೆ, ಹದಿಹರೆಯದವರಿಗೆ ಅಲಟೀನ್.

ಹೊಡೆತ-ಬಡಿತ ಇದ್ದರೆ ಮೇಲಿನದೆಲ್ಲ ಆಮೇಲಿನ ಮಾತು. ಗುರುತಿನ ಚೀಟಿ, ಬ್ಯಾಂಕ್ ಕಾಗದ, ಔಷಧಿ, ಸ್ವಲ್ಪ ನಗದು ಒಂದು ಚೀಲದಲ್ಲಿ ನಂಬಿಕಸ್ಥರ ಮನೆಯಲ್ಲಿರಲಿ. ಹೊರಡುವ ಸುಳಿವನ್ನು ಮೊದಲೇ ಕೊಡಬೇಡಿ.