ಪೋಕೆಮಾನ್ ಬ್ಲ್ಯಾಕ್, ವೈಟ್ ಆಟಗಳಲ್ಲಿ ಹುಲ್ಲು-ಉಕ್ಕು ಜಾತಿಯ ಫೆರೋಥಾರ್ನ್ ಎಂಬ ಪೋಕೆಮಾನ್ ಸಿಗುವುದೆಲ್ಲಿ? ಅದನ್ನು ಗಟ್ಟಿ ಗೋಡೆಯಂತೆ ಬಳಸುವುದು ಹೇಗೆ?

ಡ್ರಿಫ್ಟ್‌ವೇಲ್ ನಗರ ದಾಟಿ ಮಿಸ್ಟ್ರಲ್ಟನ್ ನಗರಕ್ಕೆ ಹೋಗುವ ದಾರಿಯ ಚಾರ್ಜ್‌ಸ್ಟೋನ್ ಗುಹೆಯಲ್ಲಿ ಫೆರೋಸೀಡ್ ಹಿಡಿಯಿರಿ, 40ನೇ ಲೆವೆಲ್‌ಗೆ ಅದು ಫೆರೋಥಾರ್ನ್ ಆಗುತ್ತದೆ. ಆದರೆ ಗುಹೆಯಲ್ಲಿ ಹಿಡಿದದ್ದಕ್ಕೆ ಲೀಚ್ ಸೀಡ್ ಎಂಬ, ಬೀಜ ಹಾಕಿ ಶಕ್ತಿ ಹೀರುವ ವಿದ್ಯೆ ಬರುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಹೆಣ್ಣು ಫೆರೋಸೀಡನ್ನು ಲೀಚ್ ಸೀಡ್ ಕಲಿತ ಗಂಡು ಸ್ನೈವಿ ಎಂಬ ಪೋಕೆಮಾನ್ ಜೊತೆ 3ನೇ ರೂಟ್‌ನ ಡೇ ಕೇರ್‌ನಲ್ಲಿ (ಜೋಡಿ ಬಿಟ್ಟರೆ ಮೊಟ್ಟೆ ಸಿಗುವ ಜಾಗ) ಬಿಡಿ. ಮೊಟ್ಟೆಯೊಡೆದು ಬಂದ ಮರಿಗೆ ಆ ವಿದ್ಯೆ ಹುಟ್ಟಿನಿಂದಲೇ ಇರುತ್ತದೆ.

ಇದರ ಬಲ ಹೊಡೆಯುವುದರಲ್ಲಿಲ್ಲ, ತಾಳಿಕೊಂಡು ಎದುರಾಳಿಯನ್ನು ದಣಿಸುವುದರಲ್ಲಿದೆ. ಲೀಚ್ ಸೀಡ್ ಪ್ರತಿ ಸರದಿಯ ಕೊನೆಗೆ ಎದುರಾಳಿಯ ಪೂರ್ಣ ಎಚ್‌ಪಿಯ (ಜೀವಶಕ್ತಿಯ) 1/8 ಭಾಗ ಹೀರಿ ನಿಮಗೆ ಕೊಡುತ್ತದೆ. ಕೈಯಲ್ಲಿ ಲೆಫ್ಟ್‌ಓವರ್ಸ್ ಎಂಬ ವಸ್ತು ಇದ್ದರೆ ಪ್ರತಿ ಸರದಿಗೆ ನಿಮ್ಮದೇ ಪೂರ್ಣ ಎಚ್‌ಪಿಯ ಇನ್ನೊಂದು 1/16 ಮರಳುತ್ತದೆ. ಮೊದಲು ಬೀಜ ಹಾಕಿ, ಮುಂದಿನ ಸರದಿಗೆ ಏಟು ತಡೆಯುವ ಪ್ರೊಟೆಕ್ಟ್ ವಿದ್ಯೆ: ಏಟು ತಾಗದೆ ಎರಡೂ ಜಮಾ. ಪ್ರೊಟೆಕ್ಟನ್ನು ಸತತವಾಗಿ ಬಳಸಬೇಡಿ, ಎರಡನೇ ಸಲ ಕೈಕೊಡುವ ಸಾಧ್ಯತೆ ಹೆಚ್ಚು. ಮೈತಾಗಿ ಹೊಡೆದವರಿಗೆ ಫೆರೋಥಾರ್ನ್‌ನ ಹುಟ್ಟುಗುಣವಾದ ಐರನ್ ಬಾರ್ಬ್ಸ್ ಮುಳ್ಳು ಬೇರೆ ಚುಚ್ಚುತ್ತದೆ, ಅದೂ 1/8.

ಹುಲ್ಲು ಜಾತಿಯ ಮೇಲೆ ಲೀಚ್ ಸೀಡ್ ನಡೆಯದು. ಎದುರಾಳಿ ಪೋಕೆಮಾನ್ ಬದಲಿಸಿದರೂ ಬೀಜ ಕಳಚುತ್ತದೆ. ಹುಲ್ಲು, ಉಕ್ಕು ಎರಡೂ ಬೆಂಕಿಗೆ ಸೋಲುವುದರಿಂದ ಬೆಂಕಿಯ ಏಟು ನಾಲ್ಕು ಪಟ್ಟು ತಗಲುತ್ತದೆ. ಬೆಂಕಿಯದ್ದು ಎದುರು ಬಂತೆಂದರೆ ತಡಮಾಡದೆ ನೀರಿನ ಪೋಕೆಮಾನ್ ಇಳಿಸಿ.